ಅಮಾವಾಸ್ಯೆಗೆ ಯಾವ ಬಟನ್ ಒತ್ತಬೇಕು?

ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ ಎಲ್ಲಕ್ಕಿಂತ ಮೊದಲು ಬದಲಾದದ್ದು ನಾವು ಚಪ್ಪಲಿ ಬಿಡುವ ಜಾಗ. ಅಲ್ಲಿಯವರೆಗೆ ದೇವರ ಫೋಟೋ ಇದ್ದ ಮೂಲೆಗೆ ಹೋಗುವಾಗ ಮಾತ್ರ ಚಪ್ಪಲಿ ಬಿಡುತ್ತಿದ್ದೆವು. ತೊಂಬತ್ತರ ದಶಕದ ಆರಂಭದಲ್ಲಿ ಆಫೀಸಿನ ಹಿಂದಿನ ಕೋಣೆಗೆ ಗಾಜಿನ ಬಾಗಿಲು ಹಚ್ಚಿ, ಕಿಟಕಿಗೆ ಏಸಿ ಕೂರಿಸಿ, ಒಳಗೊಂದು ಕಂಪ್ಯೂಟರ್ ಇಟ್ಟರು. ಒಳಗೆ ಧೂಳು ಹೋದರೆ ಕೆಡುತ್ತದೆ ಎಂದು ತಂದುಕೊಟ್ಟವನು ಹೇಳಿದ್ದ. ನಮ್ಮವರು ಅದನ್ನು ಮಡಿ ಎಂದು ತಿಳಿದುಕೊಂಡು ಬಾಗಿಲ ಹೊರಗೇ ಚಪ್ಪಲಿ ಬಿಟ್ಟರು. ಕೆಲವರು ಕೈಕಾಲು ತೊಳೆದುಕೊಂಡು ಬರುತ್ತಿದ್ದರು. ಒಬ್ಬರಂತೂ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಒಳಗೆ ಕಾಲಿಡುತ್ತಿದ್ದರು.

ಆ ಗುಡಿಗೆ ಪೂಜಾರಿ ನಾನು. ಟೈಪಿಂಗ್ ಪರೀಕ್ಷೆ ಪಾಸಾಗಿದ್ದೆ ಎಂಬುದೊಂದೇ ನನ್ನ ಅರ್ಹತೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಆ ವಾಲ್ವ್ ಕಾರ್ಖಾನೆಗೆ ಕಮರಿಪೇಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಟೈಪಿಸ್ಟ್ ಸರೋಜಾ ಎಂಬ ನಾನು ಒಂದೇ ವಾರದಲ್ಲಿ ‘ಕಂಪ್ಯೂಟರ್ ಅಕ್ಕಾರ’ ಆಗಿಬಿಟ್ಟೆ. ನಿವೃತ್ತಿಯಾಗುವ ತನಕ ಆ ಹೆಸರು ಹೋಗಲಿಲ್ಲ. ಬಡ್ತಿಗಿಡ್ತಿಯ ಕಥೆ ಬಿಡಿ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಈಗ ಕೈಯಲ್ಲಿ ಟ್ಯಾಬ್ ಹಿಡಿದು ಕಾರ್ಖಾನೆಗೆ ಕಾಲಿಡುವ ನಿಮಗೆ ಡಿಜಿಟಲ್ ಪರಿವರ್ತನೆ ಎಂದು ವಾರಗಟ್ಟಲೆ ತರಬೇತಿ ಕೊಡುತ್ತಾರಂತೆ. ನಮಗೆ ಆ ದೊಡ್ಡ ಹೆಸರೇ ಗೊತ್ತಿರಲಿಲ್ಲ. ಕಂಪ್ಯೂಟರ್ ಬಂತು ಎಂದೆವು, ಕೈಮುಗಿದೆವು, ಕೆಲಸ ಶುರುಮಾಡಿದೆವು.

ಆ ಕೋಣೆಯಿಂದ ಕಾರ್ಖಾನೆಗೆ ಮೊದಲು ಸಿಕ್ಕ ಲಾಭ ತಂಪು. ಏಪ್ರಿಲ್ ಬಂತೆಂದರೆ ಎಲ್ಲರಿಗೂ ಕಂಪ್ಯೂಟರಿನ ಮೇಲೆ ಎಲ್ಲಿಲ್ಲದ ಆಸಕ್ತಿ. ನಮ್ಮ ಮ್ಯಾನೇಜರ್ ದೇಸಾಯಿ ಸಾಹೇಬರು ಮೀಟಿಂಗುಗಳನ್ನೆಲ್ಲ ಅಲ್ಲಿಯೇ ಇಟ್ಟುಕೊಂಡರು. ಬೇಸಿಗೆಯಲ್ಲಿ ಮೀಟಿಂಗು ಎಷ್ಟು ಉದ್ದವಾಗುತ್ತಿತ್ತೆಂದರೆ, ಚರ್ಚಿಸಲು ವಿಷಯ ಉಳಿಯದೆ ಹಿಂದಿನ ವರ್ಷದ್ದನ್ನು ತೆಗೆಯುತ್ತಿದ್ದರು. ನಾನೇನು ಕಡಿಮೆ ಇರಲಿಲ್ಲ. ದುರ್ಗದಬೈಲಿನಲ್ಲಿ ಕೊಂಡ ಮಲ್ಲಿಗೆ ದಂಡೆ ಸಂಜೆಯ ತನಕ ಬಾಡದಿರಲಿ ಎಂದು ಅದನ್ನು ಕಂಪ್ಯೂಟರಿನ ತಲೆಯ ಮೇಲೆ ಇಡುತ್ತಿದ್ದೆ. ಮನೆಯಲ್ಲಿ ಬಿಟ್ಟದ್ದಕ್ಕಿಂತ ಬೇಗ ಅದು ಬಾಡುತ್ತಿತ್ತು. ಕೋಣೆ ತಂಪಾದರೂ ಆ ಪೆಟ್ಟಿಗೆ ಬಿಸಿ ಎಂಬುದು ಬಹಳ ದಿನಗಳ ಮೇಲೆ ಹೊಳೆಯಿತು.

ಎರಡನೆಯ ಪಾಠ ಸ್ಟೋರಿನಲ್ಲಿ ಆಯಿತು. ಸಾಮಾನೆಲ್ಲ ಕಂಪ್ಯೂಟರಿಗೆ ಏರಿಸಿ ಎಂದು ಸಾಹೇಬರ ಅಪ್ಪಣೆ. ಸ್ಟೋರ್ ಕೀಪರ್ ಇಮಾಮ್‌ಸಾಬರು ಹೇಳುತ್ತ ಹೋದರು, ನಾನು ಕುಟ್ಟುತ್ತ ಹೋದೆ. ಇಮಾಮ್‌ಸಾಬರಿಗೆ ಬೋಲ್ಟಿನ ಅಳತೆ ಮುಖ್ಯವಲ್ಲ, ಅದು ಯಾವ ಯಂತ್ರಕ್ಕೆ ಹೋಗುತ್ತದೆ ಎಂಬುದು ಮುಖ್ಯ. ಹೀಗಾಗಿ ಒಂದೇ ಬೋಲ್ಟು ಪಂಪಿನ ಬೋಲ್ಟು, ಗೇಟಿನ ಬೋಲ್ಟು, ಸಾಹೇಬರ ಕುರ್ಚಿಯ ಬೋಲ್ಟು ಎಂದು ಬೇರೆ ಬೇರೆ ಹೆಸರಿನಲ್ಲಿ ಒಳಗೆ ಹೋಗಿ ಕೂತಿತು. ಕೆಲವು ತಿಂಗಳ ಮೇಲೆ ಪಂಪಿನ ಬೋಲ್ಟು ಮುಗಿದಿದೆ ಎಂದು ಪರದೆ ತೋರಿಸಿತು. ನಾನು ಓಡಿದೆ.

“ಇಮಾಮ್‌ಸಾಬರ, ಪಂಪಿನ ಬೋಲ್ಟ್ ಒಂದೂ ಇಲ್ಲಂತ ಕಂಪ್ಯೂಟರ್ ತೋರ್ಸಾಕತ್ತೈತಿ!”

“ನಿಮ್ಮ ಕಂಪ್ಯೂಟರ್ ಇಲ್ಲಿ ಬಂದು ನೋಡೇತೇನ್ರಿ ಅಕ್ಕಾರ? ಚೀಲ ತುಂಬಿ ಕುಂತಾವು, ನೋಡ್ರಿಲ್ಲೆ” ಎಂದು ಅವರು ಕಾಲಿನಿಂದ ಗೇಟಿನ ಬೋಲ್ಟಿನ ಚೀಲವನ್ನು ತಟ್ಟಿ ತೋರಿಸಿದರು. ಅಷ್ಟರಲ್ಲಿ ಸಾಹೇಬರು ಪರದೆಯನ್ನು ನಂಬಿ ಇನ್ನೊಂದು ಲೋಡು ತರಿಸಲು ಹೇಳಿಯಾಗಿತ್ತು. ನಾವು ಏನು ತುಂಬುತ್ತೇವೋ ಕಂಪ್ಯೂಟರ್ ಅದನ್ನೇ ತಿರುಗಿ ಹೇಳುತ್ತದೆ. ಇಷ್ಟು ಸರಳ ಮಾತು ತಿಳಿಯಲು ನಮಗೆ ಒಂದು ಲೋಡು ಬೋಲ್ಟು ಬೇಕಾಯಿತು. ಅಷ್ಟನ್ನು ನೆನಪಿಟ್ಟುಕೊಂಡಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಆ ಫಜೀತಿಯ ನಾಯಕಿ ಗಂಗವ್ವ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಂದ, ಕಂಪ್ಯೂಟರ್ ನಡೆಸುವ ದೊಡ್ಡ ಕೊರೆಯುವ ಯಂತ್ರ ಅದು. ಕಬ್ಬಿಣ ಕಾಯದಂತೆ ಒಳಗೆ ಸದಾ ಹಾಲಿನ ಬಣ್ಣದ ನೀರು ಸುರಿಯುತ್ತಿದ್ದುದರಿಂದ ಅದಕ್ಕೆ ಗಂಗವ್ವ ಎಂದು ಹೆಸರಿಟ್ಟವನು ಮಲ್ಲೇಶಪ್ಪ. ಹೆಬ್ಬಳ್ಳಿಯಿಂದ ದಿನಾ ಬರುತ್ತಿದ್ದ ಮಲ್ಲೇಶಪ್ಪ ಅಲ್ಲಿಯವರೆಗೆ ಹಳೆಯ ಲೇಥಿನಲ್ಲಿ ಹಿಡಿಕೆ ತಿರುಗಿಸಿ ಕೆಲಸ ಮಾಡಿದವನು. ಗಂಗವ್ವನಿಗೆ ಹಿಡಿಕೆಯೇ ಇಲ್ಲ. ಮೊದಲ ವಾರವೆಲ್ಲ ಅವನ ಬಲಗೈ ಗಾಳಿಯಲ್ಲಿಯೇ ತಿರುಗುತ್ತಿತ್ತು. “ಅಕ್ಕಾರ, ಕೆಲಸಾ ಈಕಿ ಮಾಡಾಕತ್ತಾಳ. ನಾ ಇಲ್ಲೆ ನಿಂತು ಏನ ಮಾಡ್ಲಿ, ಭಜನಿ ಮಾಡ್ಲೇನು?” ಎಂದು ನನ್ನನ್ನು ಕೇಳಿದ್ದ. ನಾನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವನಿಗೆ ಕೀಲಿಮಣೆಯ ಅಕ್ಷರಗಳನ್ನು ಹೇಳಿಕೊಟ್ಟೆ. ಅವನು ಬುತ್ತಿಯ ಡಬ್ಬಿಯ ಮುಚ್ಚಳದ ಮೇಲೆ ಬೆರಳು ಕುಣಿಸಿ ಅಭ್ಯಾಸ ಮಾಡುತ್ತಿದ್ದ. ವರ್ಷ ತುಂಬುವುದರೊಳಗೆ ಗಂಗವ್ವ ಕೆಮ್ಮಿದರೂ ಅವನಿಗೆ ಗೊತ್ತಾಗುವಂತಾಯಿತು. ಹಳೆಯ ಲೇಥುಗಳು ಒಂದೊಂದಾಗಿ ಗುಜರಿಗೆ ಹೋದವು. ಅವುಗಳ ಜೊತೆಗಿದ್ದವರೂ ಒಬ್ಬೊಬ್ಬರಾಗಿ ಸ್ವಯಂನಿವೃತ್ತಿಯ ಕಾಗದಕ್ಕೆ ಸಹಿ ಹಾಕಿ ಹೊರಟರು. ಮಲ್ಲೇಶಪ್ಪ ಉಳಿದದ್ದು ಗಂಗವ್ವ ಇದ್ದಳು ಎಂಬ ಕಾರಣಕ್ಕೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬೆಂಗಳೂರಿನ ಹೆಡ್ಡಾಫೀಸಿನವರು ಗಂಗವ್ವನ ಪಕ್ಕದಲ್ಲಿ ಒಂದು ಸಣ್ಣ ಪೆಟ್ಟಿಗೆ ಕೂರಿಸಿದರು. ಯಂತ್ರ ನಿಂತರೆ ಯಾಕೆ ನಿಂತಿತು ಎಂದು ಮಲ್ಲೇಶಪ್ಪ ಬಟನ್ ಒತ್ತಿ ಹೇಳಬೇಕು. ಒಂದು ಒತ್ತಿದರೆ ಕರೆಂಟಿಲ್ಲ. ಎರಡು ಎಂದರೆ ಮಾಲಿಲ್ಲ. ಮೂರು, ಕೊರೆಯುವ ಟೂಲ್ ಬದಲಾವಣೆ. ನಾಲ್ಕು, ಯಂತ್ರ ಕೆಟ್ಟಿದೆ. ಐದು, ನಡೆಸುವವನು ಇಲ್ಲ. ಒತ್ತಿದ್ದು ನನ್ನ ಕೋಣೆಗೆ ಬಂದು, ಅಲ್ಲಿಂದ ಹೆಡ್ಡಾಫೀಸಿಗೆ ಹೋಗುತ್ತಿತ್ತು. ಯಂತ್ರ ನಿಲ್ಲಲು ಐದೇ ಕಾರಣ ಸಾಕು ಎಂದುಕೊಂಡವರು ಹುಬ್ಬಳ್ಳಿಯಲ್ಲಿ ಒಂದು ಅಮಾವಾಸ್ಯೆಯನ್ನೂ ಕಳೆದವರಲ್ಲ.

ನಮ್ಮ ಕಡೆ ಅಂಗಡಿ ಇರಲಿ, ಟ್ರಕ್ ಇರಲಿ, ಗಿರಣಿ ಇರಲಿ, ಅಮಾವಾಸ್ಯೆಗೆ ಪೂಜೆ ಆಗಲೇಬೇಕು. ಗಂಗವ್ವನಿಗೂ ಬಂದ ತಿಂಗಳಿನಿಂದಲೇ ಪೂಜೆ ನಡೆದಿತ್ತು. ಮಧ್ಯಾಹ್ನದ ಪಾಳಿ ಬದಲಾಗುವಾಗ ಒಂದು ತಾಸು ಆಕೆಯನ್ನು ನಿಲ್ಲಿಸಿ, ಮಲ್ಲೇಶಪ್ಪ ಸ್ವಚ್ಛ ಮಾಡಿ, ವಿಭೂತಿ ಬಳಿದು, ಹೂ ಏರಿಸಿ, ಕಾಯಿ ಒಡೆಯುತ್ತಿದ್ದ. ಮೊದಲ ಹೋಳು ದೇಸಾಯಿ ಸಾಹೇಬರಿಗೆ, ಎರಡನೆಯದು ತಪ್ಪದೆ ಇಮಾಮ್‌ಸಾಬರಿಗೆ. ಈಗ ಪೆಟ್ಟಿಗೆ ಬಂದ ಮೇಲೆ ಆ ತಾಸಿಗೆ ಯಾವ ಬಟನ್ ಒತ್ತಬೇಕು? ಇದರ ಮೇಲೆ ಏಸಿ ಕೋಣೆಯಲ್ಲಿ ಗಂಭೀರವಾದ ಮೀಟಿಂಗೇ ಆಯಿತು.

“ಐದು ಒತ್ತು, ನೀ ಪೂಜಾದಾಗ ಇರ್ತಿ” ಎಂದರು ಸಾಹೇಬರು.

“ಐದ ಅಂದ್ರ ನಾ ಇಲ್ಲ ಅಂತ ಅಲ್ರಿ? ನಾ ಅಕಿ ಮುಂದ ಕೈ ಮುಗದು ನಿಂತಿರ್ತೇನಿ. ಅಕಿ ಕಣ್ಣಮುಂದ ಸುಳ್ಳ ಹೆಂಗ ಒತ್ತಲ್ರಿ?”

“ಹಂಗಾರ ಒಂದು ಒತ್ತು. ಕರೆಂಟ್ ಇರ್ಲಿಲ್ಲ ಅಂತ ಆಗ್ತದ.”

“ಪಂಖಾ, ಲೈಟು ಎಲ್ಲಾ ಚಾಲೂ ಇರ್ತಾವ್ರಿ” ಎಂದೆ ನಾನು. “ಮೀಟರ್ ನೋಡಿದ್ರ ಗೊತ್ತಾಗತೈತಿ.”

ಸಾಹೇಬರು ಟೇಬಲ್ ಕುಟ್ಟಿದರು. “ನಾಲ್ಕು ಒತ್ತು. ಮಷೀನ್ ನಿಂತದ ಅಂದ್ರ ನಿಂತದ. ಮುಗೀತು ಮಾತು!” ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಮಲ್ಲೇಶಪ್ಪ ಕಾಯಿ ಒಡೆಯುವ ಮುಂಚೆ ನಾಲ್ಕು ಒತ್ತಿದ. ನಾವೆಲ್ಲ ಆ ವಿಷಯವನ್ನು ಮರೆತೆವು. ಹೆಡ್ಡಾಫೀಸಿನ ಕಂಪ್ಯೂಟರ್ ಮರೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ದಿನ ಬೆಂಗಳೂರಿನಿಂದ ಶ್ರೀವಿದ್ಯಾ ಎಂಬ ಎಂಜಿನಿಯರ್ ಬಂದಳು. ಮೈಸೂರಿನ ಹುಡುಗಿ, ಮೆತ್ತಗಿನ ಮಾತು, ಬಗಲಲ್ಲಿ ಲ್ಯಾಪ್‌ಟಾಪು. ನಮ್ಮ ಎದುರು ಒಂದು ನಕ್ಷೆ ಹರಡಿದಳು. ಅದರಲ್ಲಿ ಒಂದೇ ಅಂತರಕ್ಕೆ ಒಂದೊಂದು ಕೆಂಪು ಗೆರೆ ಎದ್ದಿತ್ತು.

“ಇದು ವಿಚಿತ್ರವಾದ ಕಾಯಿಲೆ ಸರ್. ಸುಮಾರು ತಿಂಗಳಿಗೊಂದು ಸಲ ಈ ಮಷೀನ್ ಕೆಡುತ್ತೆ. ಒಂದು ಗಂಟೆ ಆದ್ಮೇಲೆ ತಾನೇ ಸರಿಹೋಗುತ್ತೆ. ಯಾರೂ ರಿಪೇರಿ ಮಾಡಿದ ದಾಖಲೆ ಇಲ್ಲ, ಒಂದು ಸ್ಪೇರೂ ತರಿಸಿಲ್ಲ. ಇಷ್ಟು ಶಿಸ್ತಾಗಿ ಕೆಡೋ ಮಷೀನನ್ನ ನಾನು ನೋಡೇ ಇಲ್ಲ.”

ದೇಸಾಯಿ ಸಾಹೇಬರು ಕರವಸ್ತ್ರ ತೆಗೆದು ಏಸಿಯಲ್ಲಿಯೇ ಬೆವರು ಒರೆಸಿಕೊಂಡರು. ನಾನು ಗೋಡೆಯ ಕ್ಯಾಲೆಂಡರಿನ ಕಡೆಗೆ ನೋಡದಿರಲು ಬಹಳ ಪ್ರಯತ್ನಪಟ್ಟೆ. ಶ್ರೀವಿದ್ಯಾ ಮುಂದಿನ ಮಾತು ಹೇಳಿದಾಗ ಮಾತ್ರ ನಗು ಒಣಗಿಹೋಯಿತು. ಪರದೇಶದ ದೊಡ್ಡ ಆರ್ಡರೊಂದು ಬರಲಿತ್ತು. ನೆಚ್ಚಿಕೊಳ್ಳಲಾಗದ ಯಂತ್ರ ಎಂದು ಗಂಗವ್ವನನ್ನು ಬಿಚ್ಚಿ, ರಿಪೇರಿಯ ಸೌಲಭ್ಯವಿದ್ದ ಬೇರೊಂದು ಊರಿನ ನಮ್ಮ ಘಟಕಕ್ಕೆ ಸಾಗಿಸಿ, ಆ ಆರ್ಡರನ್ನೂ ಅಲ್ಲಿಗೇ ಕೊಡಬೇಕೆಂದು ಹೆಡ್ಡಾಫೀಸು ಯೋಚಿಸಿತ್ತು. ಕೊನೆಯ ಮಾತು ಶ್ರೀವಿದ್ಯಾಳ ವರದಿಯದು. ಕಾಯಿಲೆ ಮತ್ತೆ ಯಾವತ್ತು ಬರುತ್ತದೆ ಎಂದು ಆಕೆ ಲೆಕ್ಕ ಹಾಕಿದ್ದಳು. ಅದರ ಹಿಂದಿನ ದಿನವೇ ಬಂದು ಇಳಿದಿದ್ದಳು. ಮರುದಿನ ಅಮಾವಾಸ್ಯೆ.

ಅವಳು ಲಾಡ್ಜಿಗೆ ಹೋದ ಮೇಲೆ ಮಲ್ಲೇಶಪ್ಪನನ್ನು ಕರೆಸಿದೆವು. ಕೇಳಿದ್ದೇ ಅವನು ನೆಲದ ಮೇಲೆ ಕೂತುಬಿಟ್ಟ. “ಗಂಗವ್ವ ಹೋದ್ಲಂದ್ರ ನಾನೂ ಹೋದಂಗ ಅಲ್ರಿ ಸಾಹೇಬ್ರ. ಲೇಥೂ ಇಲ್ಲ, ಅಕಿನೂ ಇಲ್ಲ. ಈ ವಯಸ್ಸಿನ್ಯಾಗ ನನಗ ಯಾರ ಕರದು ಕೆಲಸಾ ಕೊಡ್ತಾರ್ರಿ?”

“ಖರೇ ಹೇಳಿಬಿಡೂಣ್ರಿ” ಎಂದೆ.

“ಖರೇ ಹೇಳಿದ್ರ ನನ್ನ ಕುರ್ಚಿ ಹೋಗ್ತದ, ಸುಮ್ನಿದ್ರ ಮಷೀನ್ ಹೋಗ್ತದ” ಎಂದು ಸಾಹೇಬರು ಸ್ವಲ್ಪ ಹೊತ್ತು ತಲೆ ಹಿಡಿದುಕೊಂಡು ಕೂತರು. ಆಮೇಲೆ ಅವರ ಮುಖ ಅರಳಿತು. “ಈ ಸಲ ಪೂಜಾನ ಬ್ಯಾಡ! ಮಷೀನ್ ನಿಲ್ಲಿಸಲೇಬ್ಯಾಡ್ರಿ. ಆ ಬೆಂಗಳೂರಿನಾಕಿ ನೋಡಕೋತ ಕೂಡ್ಲಿ, ಏನೂ ಆಗೂದಿಲ್ಲ, ಬ್ಯಾನಿ ವಾಸಿ ಆಗ್ಯದ ಅಂತ ಬರಕೊಂಡು ಹೋಗ್ಲಿ.”

ಮಲ್ಲೇಶಪ್ಪ ನೆಲದಿಂದ ಎದ್ದ. “ಹಬ್ಬದ ದಿನ ಮನಿ ಹೆಣ್ಮಗಳನ್ನ ಉಪಾಸ ಕೆಡವಿದಂಗ ಆಗತೈತ್ರಿ” ಎಂದ. ಆದರೂ ಒಪ್ಪಿದ. ಬೇರೆ ದಾರಿ ಅವನಿಗೆಲ್ಲಿತ್ತು?

ಮರುದಿನ ಶ್ರೀವಿದ್ಯಾ ಗಂಗವ್ವನ ಎದುರು ಕುರ್ಚಿ ಹಾಕಿಕೊಂಡು ಕೂತಳು. ಮಧ್ಯಾಹ್ನ ಪೂಜೆಯ ಹೊತ್ತು ಬಂತು, ಹೋಯಿತು. ಗಂಗವ್ವ ನಿಲ್ಲಲಿಲ್ಲ. “ಬರಬೇಕಿತ್ತಲ್ಲ ಮೇಡಂ...” ಎಂದು ಅವಳು ನನ್ನ ಕಡೆ ನೋಡಿದಳು. ಅಡಿಗೆ ಮಾಡಿಟ್ಟು ಕಾಯುತ್ತಿರುವಾಗ ಬೀಗರು ಬಾರದಿದ್ದರೆ ಆಗುವ ಮುಖ ಅವಳದಾಗಿತ್ತು. ಮಲ್ಲೇಶಪ್ಪ ಮಾತ್ರ ಯಂತ್ರದ ಕಣ್ಣು ತಪ್ಪಿಸಿಕೊಂಡು ಕೆಲಸ ಮಾಡುತ್ತಿದ್ದ. ಎಲ್ಲಿಯಾದರೂ ಮರೆತು ನಮಸ್ಕಾರ ಮಾಡಿಬಿಟ್ಟಾನೆಂದು ಸಾಹೇಬರು ಅವನ ಎರಡೂ ಕೈಗೆ ನಟ್ಟು ಬಿಗಿಯುವ ಒಂದೊಂದು ಪಾನಾ ಹಿಡಿಸಿದ್ದರು.

ಎರಡನೆಯ ದಿನವೂ ಏನೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಶ್ರೀವಿದ್ಯಾ ಸೋಲೊಪ್ಪಿ, ದೋಷ ಕಂಡುಬಂದಿಲ್ಲ ಎಂದು ವರದಿ ಬರೆಯಲು ಕೂತಳು. ಸಾಹೇಬರಿಗೆ ಖುಷಿಯೋ ಖುಷಿ. ಆಕೆಯನ್ನು ಬೀಳ್ಕೊಡಲು ಯಂತ್ರದ ಹತ್ತಿರಕ್ಕೇ ಗಿರ್ಮಿಟ್ಟು, ಮಿರ್ಚಿ ಭಜಿ ತರಿಸಿದರು. ಅವರು ಮೊದಲ ಭಜಿಯನ್ನು ಬಾಯಿಗೆ ಹಾಕಿಕೊಂಡದ್ದಕ್ಕೂ ಗಂಗವ್ವನ ತಲೆಯ ಮೇಲಿನ ಕೆಂಪು ದೀಪ ತಿರುಗತೊಡಗಿದ್ದಕ್ಕೂ ಸರಿಹೋಯಿತು. ಸೈರನ್ ಕೂಗಿತು. ಯಂತ್ರ ಒಂದು ಸಲ ನಡುಗಿ ನಿಂತುಬಿಟ್ಟಿತು. ಇಷ್ಟು ವರ್ಷಗಳಲ್ಲಿ ನಾನು ಆ ಸೈರನ್ ಕೇಳಿದ್ದು ಅದೇ ಮೊದಲು.

ಮಲ್ಲೇಶಪ್ಪ ಎರಡೂ ಪಾನಾ ಬಿಸಾಕಿ ಗಂಗವ್ವನ ಮುಂದೆ ಅಡ್ಡಬಿದ್ದ.

“ತಪ್ಪಾತವ್ವಾ! ಹೊಟ್ಟಿಗೆ ಹಾಕ್ಕೋ! ನಾ ಬ್ಯಾಡ ಅಂದಿದ್ದೆ, ಸಾಹೇಬ್ರ ಕೇಳ್ಲಿಲ್ಲ!”

ಸಾಹೇಬರು ಮೆಣಸಿನಕಾಯಿ ನೆತ್ತಿಗೇರಿ ಕೆಮ್ಮುತ್ತಿದ್ದುದರಿಂದ ಅವನ ಬಾಯಿ ಮುಚ್ಚಿಸುವವರು ಯಾರೂ ಇರಲಿಲ್ಲ. ಅಮಾವಾಸ್ಯೆ, ಪೂಜೆ, ನಾಲ್ಕನೆಯ ಬಟನ್ನು, ಪೂಜೆ ತಪ್ಪಿಸಿದ್ದು, ಎಲ್ಲವನ್ನೂ ಅವನು ಅಳುತ್ತಳುತ್ತ ಶ್ರೀವಿದ್ಯಾಳ ಎದುರು ಒದರಿಬಿಟ್ಟ. ಆಕೆ ಬೈಯುತ್ತಾಳೆ ಇಲ್ಲವೆ ನಗುತ್ತಾಳೆ ಎಂದು ನಾನು ಕಾದೆ. ಆಕೆ ಎರಡೂ ಮಾಡಲಿಲ್ಲ. ತನ್ನ ಕುರ್ಚಿಯನ್ನು ಅವನ ಕಡೆ ಸರಿಸಿದಳು.

“ಮಲ್ಲೇಶಪ್ಪನವರೇ, ಪೂಜೆ ಅಂದ್ರೆ ಏನೇನು ಮಾಡ್ತೀರಿ? ಮೊದಲಿಂದ ಹೇಳಿ.”

“ಮೊದ್ಲ ಮೈ ತೊಳಸೂದ್ರಿ. ಹೊಲಸ ಮೈಮ್ಯಾಲೆ ವಿಭೂತಿ ಹಚ್ಚಾಕ ಬರತೈತೇನ್ರಿ? ತೊಟ್ಟಿ ಖಾಲಿ ಮಾಡಿ ಕಬ್ಬಿಣದ ಚೂರು ಎಲ್ಲಾ ಬಳದು ತಗೀತೇನಿ. ಹಿಂದಿನ ಬಾಗಿಲಾ ತಗದು ಅಲ್ಲಿ ಪಂಖಾದ ಜಾಲರಿ ಐತಲ್ರಿ, ಅದನ್ನ ಸಾಬಾಣ ಹಚ್ಚಿ ತೊಳದು ಬಿಸಲಿಗೆ ಇಡ್ತೇನಿ. ಆಮ್ಯಾಲೆ ಅರಬೀಲೆ ಒರಸಿ, ಎಣ್ಣಿ ಹಚ್ಚಿ, ಹೂ...”

“ಹೂವಿನ ಹತ್ರ ನಿಲ್ಲಿಸಿ” ಎಂದು ಶ್ರೀವಿದ್ಯಾ ಎದ್ದಳು. ಯಂತ್ರದ ಹಿಂದೆ ಹೋಗಿ ಬಾಗಿಲು ತೆಗೆದಳು. ಗಂಗವ್ವನ ಮಿದುಳಿರುವ ಪೆಟ್ಟಿಗೆ ಅದು. ಅದಕ್ಕೆ ಗಾಳಿ ಹೋಗುವ ಜಾಲರಿಯ ಮೇಲೆ ಗೋಕುಲ ರಸ್ತೆಯ ಧೂಳು ಕಂಬಳಿಯಂತೆ ಕೂತಿತ್ತು. ಬೇಸಿಗೆ ಬೇರೆ, ಗಾಳಿಯಾಡದೆ ಒಳಗೆಲ್ಲ ಹಂಚಿನಂತೆ ಕಾದು, ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಂಡಿತ್ತು. ಗಂಗವ್ವ ಸಿಟ್ಟಾಗಿದ್ದಾಳೆ ಎಂದು ಮಲ್ಲೇಶಪ್ಪನ ಜೊತೆ ನಾನೂ ಅರೆಮನಸ್ಸಿನಿಂದ ನಂಬಿದ್ದೆ. ಜಾಲರಿ ತೊಳೆದು, ಒಳಗೆ ತಣ್ಣಗಾದ ಮೇಲೆ ಸ್ವಿಚ್ ಹಾಕಿದರೆ ಆಕೆ ಏನೂ ಆಗದವಳಂತೆ ತಿರುಗತೊಡಗಿದಳು.

ಶ್ರೀವಿದ್ಯಾ ಯಂತ್ರದ ಜೊತೆ ಬಂದಿದ್ದ ಕೈಪಿಡಿ ಕೇಳಿದಳು. ಸಾಹೇಬರ ಕಪಾಟಿನಿಂದ ತಂದುಕೊಟ್ಟೆ. ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. ತಿಂಗಳಿಗೊಮ್ಮೆ ಯಂತ್ರ ನಿಲ್ಲಿಸಿ ಏನೇನು ಸ್ವಚ್ಛ ಮಾಡಬೇಕೆಂದು ಅದರಲ್ಲಿತ್ತು. ಮಲ್ಲೇಶಪ್ಪ ಹೇಳಿದ್ದೇ ಬಹುಮಟ್ಟಿಗೆ ಅಲ್ಲಿಯೂ ಇತ್ತು, ಹೂವು ಮತ್ತು ಕಾಯಿ ಬಿಟ್ಟು.

“ಇದು ಕಾಯಿಲೆ ಅಲ್ಲ ಸರ್, ಸ್ನಾನ” ಎಂದಳು ಆಕೆ. “ಇಷ್ಟು ವರ್ಷ ಸ್ನಾನಾನ ಕಾಯಿಲೆ ಅಂತ ಬರೆದು ಕಳಿಸಿದ್ದೀರಿ.”

ಆ ಮಾತು ನನಗೆ ನಾಟಿತು. ಕಂಪ್ಯೂಟರ್ ಅಕ್ಕಾರ ಎನಿಸಿಕೊಂಡು ಪ್ರತಿ ತಿಂಗಳೂ ಆ ಕೆಂಪು ಗೆರೆಯನ್ನು ಬೆಂಗಳೂರಿಗೆ ದಾಟಿಸಿದವಳು ನಾನು. ಯಂತ್ರದ ಮುಂದೆ ಏನು ನಡೆಯುತ್ತದೆ ಎಂಬುದು ನನಗೆ ಗೊತ್ತಿತ್ತು, ಪರದೆ ಏನು ಹೇಳುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಲು ಮೈಸೂರಿನ ಹುಡುಗಿಯೇ ಬರಬೇಕಾಯಿತು. ಹೊಸದಾಗಿ ಕೆಲಸಕ್ಕೆ ಸೇರುವವರೇ, ನಿಮ್ಮ ಟ್ಯಾಬಿನಲ್ಲಿ ಕೆಂಪು ಗೆರೆ ಕಂಡರೆ ದಯವಿಟ್ಟು ಮೊದಲು ಎದ್ದು ಯಂತ್ರದ ಹತ್ತಿರ ಹೋಗಿ, ಅಲ್ಲಿ ನಿಂತವನನ್ನು ಕೇಳಿ. ಹಾಗೆಯೇ ಯಂತ್ರದ ಹತ್ತಿರ ನಿಂತವರು ಕೇಳಿದವರಿಗೆ ಖರೇ ಹೇಳಿ. ನನ್ನಿಂದ ನಿಮಗೆ ಇಷ್ಟೇ ತರಬೇತಿ.

ವರದಿ ಹೋದ ಮೇಲೆ ಹೆಡ್ಡಾಫೀಸಿನ ದೊಡ್ಡ ಸಾಹೇಬರು ತಾವೇ ಬಂದರು. ಶ್ರೀವಿದ್ಯಾಳೂ ಜೊತೆಗಿದ್ದಳು. ಗಂಗವ್ವನ ಎದುರಿಗೇ ನಮ್ಮನ್ನು ನಿಲ್ಲಿಸಿದರು. ಶ್ರೀವಿದ್ಯಾ ಲ್ಯಾಪ್‌ಟಾಪು ತೆರೆದು ಹೊಸ ನಕ್ಷೆ ತೋರಿಸಿದಳು. ಪೂಜೆಯ ತಾಸುಗಳನ್ನು ಸ್ವಚ್ಛತೆಯೆಂದು ಬದಲಿಸಿದರೆ ಕೆಂಪು ಗೆರೆ ಉಳಿಯುತ್ತಿದ್ದದ್ದು ಒಂದೇ ಒಂದು, ಪೂಜೆ ಇಲ್ಲದ ತಿಂಗಳಿನದು. ಉಳಿದ ಊರುಗಳ ಯಂತ್ರಗಳ ನಕ್ಷೆ ಪಕ್ಕದಲ್ಲಿಯೇ ಇತ್ತು. ಅಲ್ಲಿ ಕೆಟ್ಟು ನಿಂತ ಮೇಲಷ್ಟೇ ಬಾಗಿಲು ತೆಗೆಯುತ್ತಿದ್ದರಂತೆ. ಅವು ಕೆಂಪಾಗಿ ಹೋಗಿದ್ದವು.

ದೊಡ್ಡ ಸಾಹೇಬರು ಎಲ್ಲ ನಕ್ಷೆ ನೋಡಿ ತಲೆ ಎತ್ತಿದರು. “ಸರಿ, ಆದ್ರೆ ಸುಳ್ಳು ಬಟನ್ ಒತ್ತೋಕೆ ಹೇಳಿದ್ದು ಯಾರು?”

ಮಲ್ಲೇಶಪ್ಪ ಒಂದು ಹೆಜ್ಜೆ ಮುಂದೆ ಬಂದ. “ಒತ್ತಿದಾಂವ ನಾನರಿ.”

“ಒತ್ತಿದಾಂವ ಅವ ಖರೇ” ಎಂದರು ದೇಸಾಯಿ ಸಾಹೇಬರು. “ಹೇಳಿದಾಂವ ನಾನು.”

ನಾನು ಅವರ ಕೈಕೆಳಗೆ ದುಡಿದ ಅಷ್ಟೂ ವರ್ಷಗಳಲ್ಲಿ ಅವರನ್ನು ಒಳಗೊಳಗೇ ಎಷ್ಟೋ ಸಲ ಬೈದುಕೊಂಡಿದ್ದೇನೆ. ಆ ಗಳಿಗೆಯಲ್ಲಿ ಮಾತ್ರ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ದೊಡ್ಡ ಸಾಹೇಬರು ಅವರನ್ನು ಮೇಲಿನಿಂದ ಕೆಳಗೆ ನೋಡಿ, ಇನ್ನು ಮುಂದೆ ಹೀಗಾಗಬಾರದು ಎಂದಷ್ಟೇ ಹೇಳಿ, ಶ್ರೀವಿದ್ಯಾಳ ಕಡೆ ತಿರುಗಿದರು. ಪೆಟ್ಟಿಗೆಗೆ ಆರನೆಯ ಬಟನ್ ಹಾಕಿಸಿ ಎಂದರು. ಈ ಸ್ವಚ್ಛತೆಗೆ ಎಲ್ಲ ಊರುಗಳಲ್ಲೂ ತಿಂಗಳಿಗೆ ಒಂದು ಗಂಟೆ ಗೊತ್ತುಮಾಡಿ ಎಂದರು. ಆರ್ಡರು ಇಲ್ಲಿಯೇ ನಡೆಯುತ್ತದೆ, ಗಂಗವ್ವ ಎಲ್ಲಿಗೂ ಹೋಗುವುದಿಲ್ಲ, ಆಕೆಯ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಯಂತ್ರ ಬರುತ್ತದೆ ಎಂದರು. ಮಲ್ಲೇಶಪ್ಪನ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಾಣುತ್ತಿತ್ತು.

“ಎರಡೂ ಮಷೀನು ನೀವೇ ನೋಡ್ಕೋಬೇಕು. ಆಗುತ್ತಾ?” ಎಂದು ದೊಡ್ಡ ಸಾಹೇಬರು ಅವನನ್ನೇ ಕೇಳಿದರು.

ಮಲ್ಲೇಶಪ್ಪ ತೋಳಿನಿಂದ ಕಣ್ಣೊರೆಸಿಕೊಂಡು ಗಂಗವ್ವನನ್ನು ನೋಡಿದ, ಪಕ್ಕದ ಖಾಲಿ ಜಾಗವನ್ನು ನೋಡಿದ, ಮನಸ್ಸಿನಲ್ಲಿಯೇ ಏನೋ ಲೆಕ್ಕ ಹಾಕಿದ.

“ನೋಡ್ಕೋತೇನ್ರಿ ಸಾಹೇಬ್ರ. ಆದ್ರ ಇಬ್ಬರಿಗೂ ಕೂಡೇ ಒಂದ ತಾಸಿನ್ಯಾಗ ಆಗೂದಿಲ್ರಿ. ಎರಡ ತಾಸ ಬೇಕು.”

ದೊಡ್ಡ ಸಾಹೇಬರು ಏನಾದರೂ ಅನ್ನುವ ಮೊದಲೇ ಶ್ರೀವಿದ್ಯಾ ತಲೆ ತಗ್ಗಿಸಿ, ನಗದೆ, ಲ್ಯಾಪ್‌ಟಾಪಿನಲ್ಲಿ ಒಂದು ಎಂದು ಇದ್ದದ್ದನ್ನು ಎರಡು ಮಾಡಿದಳು.